ಎರ್ರಿಯಪ್ಪನ ಜೀಪಿನ ನೀರಿನ ಪೈಪು

ಅದಿರಿನ ದುಡ್ಡು ಸಂಡೂರಿನ ಬೀದಿಬೀದಿಗೂ ಹೊಸ ಕಾರು ತಂದ ಕಾಲದಲ್ಲೂ ಎರ್ರಿಯಪ್ಪ ತನ್ನ ಮಿಲಿಟರಿ ಹರಾಜಿನ ಜೀಪನ್ನು ಬಿಡಲಿಲ್ಲ. ಬಂಡ್ರಿ ಶಾಲೆಗೆ ಹೋಗುವ ಮೇಷ್ಟ್ರಾದ ನನ್ನನ್ನೂ ಸೇರಿಸಿ ಊರಿನ ಅರ್ಧ ಜನರನ್ನು ಅದರಲ್ಲಿ ತುಂಬಿ, "ಒಂದೀಟು ಉಸರು ಬಿಗಿ ಹಿಡೀರಿ, ಇನ್ನೊಬ್ರು ಕುಂದರ್ತಾರ" ಎನ್ನುತ್ತಿದ್ದ. ಎಂಜಿನ್ನಿಗೆ ನೀರು ಒಯ್ಯುವ ರಬ್ಬರ್ ಪೈಪು ಬಿರುಕು ಬಿಟ್ಟಾಗಲೆಲ್ಲ ಸೈಕಲ್ ಟ್ಯೂಬು ಹರಿದು ಸುತ್ತುತ್ತಿದ್ದ. ಕೊನೆಗೆ ಪೈಪು ಯಾವುದು, ಪಟ್ಟಿ ಯಾವುದು ಎಂದು ಅವನಿಗೇ ತಿಳಿಯದಾಯಿತು. ಎಂಜಿನ್ನಿನ ಬಿಸಿನೀರಿನಿಂದ ಜೀಪಿನೊಳಗೆ ಬೆಚ್ಚಗಿಡುವ ಹೀಟರಿನ ಪೈಪು ಒಡೆದ ದಿನ ಮಾತ್ರ ಖುಷಿಪಟ್ಟ. "ಈ ಬಿಸಲಾಗ ಹೀಟರ್ ಯಾವನಿಗೆ ಬೇಕಲೇ?" ಎಂದು ಜೀಪನ್ನೇ ಬೈದು, ಹೀಟರನ್ನು ಬಿಟ್ಟು ಆ ನೀರನ್ನು ಎಂಜಿನ್ನಿಗೇ ತಿರುಗಿಸಿದ. ಆದರೂ ಜೀಪು ದಿನಾ ಏರು ಹತ್ತಿ, ದುರುಗವ್ವನ ಮಿರ್ಚಿ ಅಂಗಡಿಯೆದುರು ಬುಸುಗುಟ್ಟಿ ನಿಲ್ಲುತ್ತಿತ್ತು. ಅವಳು ಕೊಡದ ತುಂಬ ನೀರು ಕೊಡುವಳು. ಎಂಜಿನ್ ಆರುವವರೆಗೆ ನಾವು ಮಿರ್ಚಿ ತಿನ್ನುವೆವು. ಅದಿರಿನ ಲಾರಿಗಳು ಅವಳ ಬಾಣಲೆಗೆ ಕೆಂಪು ಧೂಳು ಎರಚಿ ಹೋಗುತ್ತಿದ್ದವೇ ಹೊರತು ಒಂದೂ ನಿಲ್ಲುತ್ತಿರಲಿಲ್ಲ. ಕಡೆಗೊಮ್ಮೆ ಎರ್ರಿಯಪ್ಪ ಹೊಸಪೇಟೆಯಿಂದ ಹೊಸ ಪೈಪು ತಂದು ಹಾಕಿದ. ಮರುದಿನವೂ ಜೀಪು ಅಲ್ಲೇ ನಿಂತಿತು. "ಭಾಳ ಕಾದೈತಿ, ಎಲ್ರೂ ಇಳೀರಿ" ಎಂದು ಬಾನೆಟ್ ಎತ್ತಿದ. ನಾನು ಬಗ್ಗಿ ನೋಡಿದೆ. ಹಬೆಯೂ ಇಲ್ಲ, ಒಂದು ಹನಿ ಸೋರಿಕೆಯೂ ಇಲ್ಲ. "ಏನೂ ಆಗಿಲ್ಲಲ್ರೀ?" ಎಂದೆ. ಎರ್ರಿಯಪ್ಪ ಅಂಗಡಿಯತ್ತ ಕಣ್ಣು ಹೊರಳಿಸಿ ಪಿಸುಗುಟ್ಟಿದ: "ಮೆಲ್ಲಕ ಮಾತಾಡ್ರಿ ಮೇಷ್ಟ್ರ, ಆಕಿ ಆಗ್ಲೇ ಎಣ್ಣಿ ಕಾಯಾಕ ಇಟ್ಟಾಳ."