ಬರೀ ಹೊಟ್ಟೆಯ ಕಾಫಿ

ಇವತ್ತು ಬೆಳಗ್ಗೆ ಪಕ್ಕದ ಮನೆಯಿಂದ ಡಿಕಾಕ್ಷನ್ ವಾಸನೆ ಬಂತು ನೋಡಿ, ನಾಲ್ಕು ವರ್ಷದ ಹಿಂದಿನ ನನ್ನ ಬಸಿರು ನೆನಪಾಯಿತು. ಬೇರೆಯವರಿಗೆ ಬಸಿರೆಂದರೆ ಮಾವಿನಕಾಯಿ ನೆನಪಾಗುತ್ತದಂತೆ. ನನ್ನದೇ ಬೇರೆ ಕಥೆ.

ಆಗ ನನಗೆ ನಲವತ್ತೆರಡು, ತೂಕ ಎಂಬತ್ತೊಂದು, ಸಾಲದ್ದಕ್ಕೆ ಥೈರಾಯ್ಡ್. ಅದು ಹತೋಟಿಗೆ ಬಾರದಿದ್ದರೆ ಮಗುವಿನ ಬೆಳವಣಿಗೆಗೆ ತೊಂದರೆ ಎಂದು ಡಾಕ್ಟರು ಹೇಳಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ನಿಂತ ಬಸಿರು ಸ್ವಾಮಿ! ಹೆದರಿ ಮೈಸೂರುಪಾಕಿಗೂ ಕೈಮುಗಿದೆ; ಅದೇನು ಸಣ್ಣ ತ್ಯಾಗವಲ್ಲ. ಜಯನಗರದ ಪಾರ್ಕಿನಲ್ಲಿ ದಿನಾ ನಾಲ್ಕು ಸುತ್ತು ನಡೆದೆ. ತೂಕ ಮಾತು ಕೇಳಿತು, ಥೈರಾಯ್ಡ್ ಕೇಳಲಿಲ್ಲ. ಎರಡು ಸಲ ಮಾತ್ರೆಯ ಡೋಸ್ ಏರಿಸಿದರೂ ಅಷ್ಟೇ.

"ಮಾತ್ರೆ ಬರೀ ಹೊಟ್ಟೇಲೇ ತಗೋತಿದೀರಾ ತಾನೇ?" ಡಾಕ್ಟರು ಕೇಳಿದರು.

ಜೊತೆಗೆ ಬಂದಿದ್ದ ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಹೂಂ ಡಾಕ್ಟ್ರೇ, ಒಂದಿನಾನೂ ತಪ್ಪಿಲ್ಲ. ಎದ್ದ ತಕ್ಷಣ ನಾನೇ ಕೊಡ್ತೀನಿ, ಬಿಸಿಬಿಸಿ ಕಾಫಿ ಜೊತೆ!"

ಡಾಕ್ಟರು ಪೆನ್ನು ಕೆಳಗಿಟ್ಟರು. ಕಾಫಿ ಆ ಮಾತ್ರೆಯನ್ನು ಮೈಗೆ ಹತ್ತಲು ಬಿಡುವುದಿಲ್ಲವಂತೆ. ನಮ್ಮ ಮನೆಯಲ್ಲೋ, ಉಪವಾಸದ ದಿನವೂ ಎರಡು ಲೋಟ ಇಳಿದಿರುತ್ತದೆ; ಕಾಫಿ ಹೊಟ್ಟೆಯ ಲೆಕ್ಕಕ್ಕೇ ಬರುವುದಿಲ್ಲ. ಎಂಎಸ್ಸಿ ಓದಿದ ನನಗೂ ಹೊಳೆಯಲಿಲ್ಲ ಅನ್ನಿ!

ಮಾರನೆಯ ದಿನದಿಂದ ನೀರಿನ ಜೊತೆ ಮಾತ್ರೆ, ಒಂದು ಗಂಟೆಯಾದ ಮೇಲೆ ಕಾಫಿ. ಅತ್ತೆಯೂ ಕಾದರು. "ನೀವು ಕುಡೀರಿ ಅತ್ತೆ" ಅಂದರೆ, "ಸುಮ್ನಿರೇ, ನಂಗೇನವಸರ" ಎನ್ನುತ್ತಾ ಗಡಿಯಾರ ನೋಡುತ್ತಿದ್ದರು. ಒಂದೂವರೆ ತಿಂಗಳಲ್ಲಿ ರಿಪೋರ್ಟು ಹಾದಿಗೆ ಬಂತು.

ಮಗಳು ಹುಟ್ಟಿದ ಮೇಲೆ ಅವಳ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಥೈರಾಯ್ಡ್ ಪರೀಕ್ಷೆಗೆ ಕಳಿಸಿದರು. ಅದರ ಫಲಿತಾಂಶ ಬರುವವರೆಗೂ ಅತ್ತೆ ಮಗುವನ್ನು ಎತ್ತಿಕೊಳ್ಳಲೇ ಇಲ್ಲ, ಸೊಂಟನೋವು ಅಂದರು. "ಎಲ್ಲಾ ನಾರ್ಮಲ್" ಎಂದು ನರ್ಸ್ ಹೇಳಿದ್ದೇ ತಡ, ಸೊಂಟನೋವು ಮಾಯ! ಮಗುವನ್ನು ಎದೆಗವಚಿಕೊಂಡು, ನನಗೆ ಬೆನ್ನು ಹಾಕಿ ಪಿಸುಗುಟ್ಟಿದರು: "ಅಜ್ಜೀಗೆ ಗೊತ್ತಿರ್ಲಿಲ್ಲ ಕಣಮ್ಮ. ಬೈಕೋಬೇಡ." ಅಷ್ಟು ತಿಂಗಳು ಅವರು ಒಳಗೊಳಗೇ ಬೆಂದದ್ದು ನನಗೆ ತಿಳಿದೇ ಇರಲಿಲ್ಲ. ನಾನು ಅತ್ತುಬಿಟ್ಟೆ.

ಇದನ್ನೆಲ್ಲ ನೆನೆಯುತ್ತಾ ನಿಂತಿದ್ದಾಗಲೇ ಮಗಳು ಬರಿಗಾಲಲ್ಲಿ ಗೇಟಿನತ್ತ ಓಟ ಕಿತ್ತಳು. ಹಿಂದೆ ಏದುಸಿರು ಬಿಡುತ್ತಾ ಅತ್ತೆ. "ಹಿಡ್ಕೊಳ್ಳೇ ಇವಳ್ನ, ನನ್ ಕೈಲಾಗಲ್ಲ!"

ಹಿಡಿದುಕೊಂಡೆ. ಮೂರು ವರ್ಷದಿಂದ ಗಂಟಲಲ್ಲೇ ಇದ್ದ ಮಾತು ಹೊರಬಂತು. "ಇವಳು ಹೀಗೆ ಓಡ್ತಿರೋದು ನಿಮ್ಮಿಂದ ಅತ್ತೆ. ಅವತ್ತು ನೀವು ಕಾಫಿ ವಿಷ್ಯ ಹೇಳ್ದೇ ಇದ್ದಿದ್ರೆ ಡಾಕ್ಟ್ರಿಗೆ ಗೊತ್ತೇ ಆಗ್ತಿರ್ಲಿಲ್ಲ."



"ಹೋಗೇ, ಮೊದ್ಲು ಗೇಟ್ ಹಾಕು" ಎಂದು ಗದರಿದ ಅತ್ತೆ, ಮಗಳ ಜೊತೆ ನನ್ನನ್ನೂ ಸೇರಿಸಿ ತಬ್ಬಿಕೊಂಡರು.