ಕುರಿ ತಿಂದ ಕಾರು

ಕುಳಗೇರಿ ಕ್ರಾಸಿನ ಪಕ್ಕದ ಊರಿನ ಹುಲ್ಲಪ್ಪ ಕಾರು ಕೊಂಡದ್ದು ಕುರಿ ಕೊಳ್ಳುವ ಹಾಗೆ. ೧೯೮೦ರ ಜನವರಿ. ಇಳಕಲ್ಲಿನ ಕಲ್ಲಿನ ವ್ಯಾಪಾರಿಯೊಬ್ಬ ತನ್ನ ಹಳೆಯ ಎರಡು ಬಾಗಿಲಿನ ಸಣ್ಣ ಕಾರನ್ನು ಏಳೂವರೆ ಸಾವಿರಕ್ಕೆ ಮಾರಲು ನಿಂತಿದ್ದ. ಹುಲ್ಲಪ್ಪ ಅದಕ್ಕೆ ಮೂರು ಸುತ್ತು ಹಾಕಿದ, ಬೆನ್ನು ತಡವಿದ, ಸೀಟು ಹಿಚುಕಿದ, ಬಗ್ಗಿ ಹೊಟ್ಟೆಯ ಕೆಳಗೆ ಕೈಯಾಡಿಸಿದ. ವ್ಯಾಪಾರಿ ಎಂಜಿನ್ ಚಾಲು ಮಾಡಿದಾಗ ಒಳಗಿನಿಂದ ಕಲ್ಲು ಒಡೆಯುವ ಸದ್ದು ಬಂತು. "ದನಿ ಗಟ್ಟಿ ಐತಿ" ಎಂದು ಹುಲ್ಲಪ್ಪ ತಲೆಯಾಡಿಸಿದ. ಟಗರಿಗಾದರೆ ಅದು ಒಳ್ಳೆಯ ಲಕ್ಷಣ.

ಆ ದುಡ್ಡು ಐವತ್ತು ಕುರಿ ಮಾರಿ ಬಂದದ್ದು. ಬಾದಾಮಿಗೆ ಗುಹೆ ನೋಡಲು ಬರುವವರನ್ನು ಕೂರಿಸಿಕೊಂಡು ಬಾಡಿಗೆ ಹೊಡೆಯುವುದು ಅವನ ಲೆಕ್ಕಾಚಾರ. ಊರಿನ ಸಾಹುಕಾರನ ಟ್ರ್ಯಾಕ್ಟರ್ ಹೊಡೆದು ಸ್ಟೇರಿಂಗ್ ಕಲಿತಿದ್ದ. ಎಂಜಿನ್ ಕೆಟ್ಟರೆ ಸಾಹುಕಾರ ನೋಡಿಕೊಳ್ಳುತ್ತಿದ್ದ. ಸ್ವಂತ ಕಾರಿಗೆ ಸಾಹುಕಾರ ಇರುವುದಿಲ್ಲ ಎನ್ನುವುದು ಅವನ ತಲೆಗೆ ಹೋಗಿರಲಿಲ್ಲ.

ಹೆಂಡತಿ ಲಗಮವ್ವ ಕಾರಿಗೆ ಆರತಿ ಎತ್ತಲಿಲ್ಲ. ದೊಡ್ಡಿಯ ಬಾಗಿಲಲ್ಲಿ ನಿಂತು ಉಳಿದ ಕುರಿ ಎಣಿಸಿದಳು.

"ಐವತ್ತು ಹೋದುವು, ಹೋಗ್ಲಿ. ಮೂವತ್ತು ಅದಾವ. ಇಪ್ಪತ್ತಕ್ಕಿಂತ ಒಂದು ಕಡಿಮಿ ಆತಂದ್ರ ಕಾರು ಮಾರೂದು. ಬೀರಪ್ಪ ದೇವರ ಮುಂದ ಆಣಿ ಮಾಡ್ರಿ."

ಮಾಡಿದ. ಇಪ್ಪತ್ತು ಎಂದು ಅವಳು ಸುಮ್ಮನೆ ಹೇಳಿದ್ದಲ್ಲ. ಹೊಲದಲ್ಲಿ ಕುರಿ ನಿಲ್ಲಿಸಿದರೆ ಹಿಕ್ಕೆಯ ಗೊಬ್ಬರಕ್ಕೆ ರೈತರು ಜೋಳ ಕೊಡುತ್ತಾರೆ. ಹಿಂಡು ಇಪ್ಪತ್ತಕ್ಕಿಂತ ಕೆಳಗೆ ಇಳಿದರೆ ಯಾವ ಗೌಡನೂ ಕರೆಯುವುದಿಲ್ಲ. ಆಮೇಲೆ ಕುರುಬನಾಗಿ ಉಳಿಯುವುದು ಜಾತಿ ಪಟ್ಟಿಯಲ್ಲಿ ಮಾತ್ರ.

ಮೊದಲ ತಿಂಗಳಲ್ಲೇ ಕಾರು ಕ್ರಾಸಿನ ಬೇವಿನ ಮರದ ಕೆಳಗಿನ ಗ್ಯಾರೇಜು ಸೇರಿತು. ಮೇಸ್ತ್ರಿ ಮುರ್ತುಜಸಾಬ ಕೆಳಗೆ ತೂರಿ ಹೊರಗೆ ಬಂದ.

"ಹುಲ್ಲಪ್ಪ, ಕ್ಲಚ್ ಪ್ಲೇಟ್ ಸವದು ಹಪ್ಪಳ ಆಗೇತಿ."

"ಎಷ್ಟಾಕ್ಕತಿ?"

"ಸಾಮಾನು ನೂರಾ ಹತ್ತು, ಕೂಲಿ ನಲವತ್ತು."

"ಅಂದ್ರ ಒಂದು ಕುರಿ."

ಅಲ್ಲಿಂದ ಎಲ್ಲ ರಿಪೇರಿಯೂ ಕುರಿಯ ಲೆಕ್ಕದಲ್ಲೇ ನಡೆಯಿತು. ಬ್ರೇಕಿನ ಎಣ್ಣೆ ಸೋರಿದ್ದಕ್ಕೆ ಒಂದು. ಡೈನಮೊ ಸುಟ್ಟದ್ದಕ್ಕೆ ಎರಡು. ಮುಂದಿನ ಸ್ಪ್ರಿಂಗ್ ಮುರಿದದ್ದಕ್ಕೆ ಎರಡು. ಗೇರ್ ಬಾಕ್ಸಿಗೆ ಮೂರು. ಮುರ್ತುಜಸಾಬ ಕಳ್ಳನಲ್ಲ, ಕಾರೇ ಹಾಗಿತ್ತು. ಬಕ್ರೀದಿಗೆ ಒಳ್ಳೆ ಬೆಲೆ ಬರುತ್ತದೆಂದು ಅವನು ಕುರಿಗಳನ್ನೆಲ್ಲ ಗ್ಯಾರೇಜಿನ ಹಿಂದೆ ಹಳೆ ಟಯರುಗಳ ನಡುವೆ ಕಟ್ಟಿಹಾಕಿಕೊಂಡ.

ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕು, ತೂತು ಮುಚ್ಚುತ್ತದೆ ಎಂದೂ ಹೇಳಿಕೊಟ್ಟಿದ್ದ. ಬಾದಾಮಿಯ ಏರಿನಲ್ಲಿ ಒಮ್ಮೆ ನೀರು ಕುದಿದು ಉಕ್ಕಿದಾಗ ಹುಲ್ಲಪ್ಪನ ಹತ್ತಿರ ಅಡುಗೆಯ ಅರಿಶಿನವಿರಲಿಲ್ಲ, ಬೀರಪ್ಪನ ಪೂಜೆಯ ಅರಿಶಿನ, ಭಂಡಾರದ ಚೀಲವಿತ್ತು. ಪೂರ್ತಿ ಸುರುವಿದ. ಮೂರು ಮೈಲಿಯ ತನಕ ದೇವರು ತಡೆದ, ಆಮೇಲೆ ಅವನೂ ಸೋರಿದ. ಕೂತವರೆಲ್ಲ ಇಳಿದು ತಳ್ಳಿದರು. ಅವರಲ್ಲಿ ರೈತ ಚಳವಳಿಯ ಸಭೆಗೆ ಹೊರಟಿದ್ದ ನಾವು ನಾಲ್ವರು. ಸಭೆ ಮುಟ್ಟಿದಾಗ ಘೋಷಣೆ ಕೂಗಲು ಉಸಿರಿರಲಿಲ್ಲ, ಅಂಗಿಯೆಲ್ಲ ಹಳದಿ. ಯಾವ ಪಾರ್ಟಿಯವರೆಂದು ಪೊಲೀಸರಿಗೂ ತಿಳಿಯಲಿಲ್ಲ.

ಸೆಪ್ಟೆಂಬರಿಗೆ ಹಿಂಡು ಇಪ್ಪತ್ತೊಂದಕ್ಕೆ ಇಳಿದಿತ್ತು. ಆಗ ಎಂಜಿನ್ನೇ ಹೋಯಿತು. ಹೊಗೆ ಎಷ್ಟೆಂದರೆ ಹಿಂದೆ ಬರುವ ಬಸ್ಸಿನವರು ಹಗಲಿನಲ್ಲೇ ದೀಪ ಹಾಕುತ್ತಿದ್ದರು. ಮುರ್ತುಜಸಾಬ ಎರಡು ಕುರಿ ಮುಂಗಡ ಪಡೆದು ಎಂಜಿನ್ ಬಿಚ್ಚಿದ. ಬಿಚ್ಚಿದ ಮೇಲೆ ತಲೆ ಕೆರೆದುಕೊಂಡ.

"ಸಿಲಿಂಡರಿನ ಬೋರ್ ಒಂದ ಸವದೈತಿ ಅಂದ್ಕೊಂಡಿದ್ದೆ. ಕ್ರ್ಯಾಂಕೂ ಹೋಗೇತಿ. ಇನ್ನ ಆರು ಬೇಕಾಕ್ಕತಿ."

ಉಳಿದದ್ದು ಹತ್ತೊಂಬತ್ತು. ಆರು ಕೊಡುವುದು ಆಮೇಲಿನ ಮಾತು, ಅಂದು ಸಂಜೆ ಹೆಂಡತಿಯ ಎಣಿಕೆ ದಾಟಬೇಕಿತ್ತು. ಹುಲ್ಲಪ್ಪ ದೂರದ ಸಂಬಂಧದಲ್ಲಿ ತಮ್ಮನಾಗಬೇಕಾದ ಗುರಪ್ಪನ ಹಿಂಡಿನಿಂದ ಎರಡು ಕುರಿ ಕಡ ತಂದು ಒಳಗೆ ಸೇರಿಸಿದ.

ಕುರುಬನೊಬ್ಬ ಮಾಡಬಾರದ ತಪ್ಪು ಇದು. ಹುಲ್ಲಪ್ಪನ ಮನೆತನದ ಕುರಿಗೆ ಬಲಗಿವಿಯ ತುದಿ ಸೀಳಿರುತ್ತದೆ. ಗುರಪ್ಪನ ಮನೆತನದವಕ್ಕೆ ಎಡಗಿವಿಯಲ್ಲಿ ಕಚ್ಚು. ಮರಿ ಹುಟ್ಟಿದ ತಿಂಗಳಲ್ಲೇ ಹಾಕುವ ಗುರುತು. ಎಂಟು ತಿಂಗಳು ಕಾರಿನ ಹೊಟ್ಟೆಯಡಿ ಮಲಗಿ ಇವನು ಕುರಿಗೆ ಕಿವಿ ಇರುವುದನ್ನೇ ಮರೆತಿದ್ದ.

ಲಗಮವ್ವ ಎಣಿಸಿದಳು. ಇಪ್ಪತ್ತೊಂದು. ನಡೆದು ಹೋಗಿ ಒಂದರ ಕಿವಿ ಹಿಡಿದಳು.

"ಯಾರವ್ರಿ ಇವು?"

"ನಮ್ಮವ."

"ಹೌದ್ರಿ? ಎಡಗಿವಿ ಬಲಗಿವಿ ಅದಲುಬದಲು ಮಾಡಿದವರು ಯಾರು? ಮುರ್ತುಜಣ್ಣ ಏನು? ಅದಕ್ಕೆಷ್ಟು ಕೂಲಿ ತಗೊಂಡ?"

ಹುಲ್ಲಪ್ಪ ಆ ಎರಡನ್ನೂ ರಾತ್ರಿಯೇ ಗುರಪ್ಪನಿಗೆ ವಾಪಸ್ ಬಿಟ್ಟು ಬಂದ. ಮರುದಿನ ಬೆಳಿಗ್ಗೆ ಅವಳು ಮುಂದೆ, ಅವನು ಹಿಂದೆ, ಗ್ಯಾರೇಜಿಗೆ ಬಂದರು. ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯಲು ಕೂತಿದ್ದ ನಮಗೆ ಎಲ್ಲ ಕಾಣುತ್ತಿತ್ತು. ಕೊಯ್ದ ಕುರಿಯ ಕರುಳಿನಂತೆ ಎಂಜಿನ್ ಗೋಣಿತಟ್ಟಿನ ಮೇಲೆ ಹರಡಿಕೊಂಡಿತ್ತು.

"ಮುರ್ತುಜಣ್ಣ, ಕಾರು ಮಾರತೇವಿ. ಏನು ಕೊಡ್ತಿ?"

"ತಂಗಿ, ಬೋರ್ ಇಲ್ಲ, ಕ್ರ್ಯಾಂಕ್ ಇಲ್ಲ, ರೇಡಿಯೇಟರ್ ತುಂಬ ನಿಮ್ಮ ದೇವರ ಭಂಡಾರ. ಗುಜರಿ ಮಾಲು. ನಾಕು ಕುರಿ ವಾಪಸ್ ಹೊಡಕೊಂಡು ಹೋಗು, ಅದೂ ನಿನ್ನ ಮಾರಿ ನೋಡಿ."

ಅವಳು ಟಯರುಗಳ ನಡುವೆ ಹೋದಳು. ಅಲ್ಲಿ ಹನ್ನೊಂದು ಕುರಿ. ಒಂದೊಂದರ ಕಾಲು ಎತ್ತಿದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು, ಬಾಯಿ ಮೂಸಿದಳು.

"ಇದರ ಗೊರಸು ಕೊಳತೈತಿ. ಇದಕ್ಕ ಹೊಟ್ಟ್ಯಾಗ ಜಂತ, ಕಣ್ಣಾಗ ಹನಿ ರಗತ ಇಲ್ಲ. ಇದು ನಿನ್ನ ಎಣ್ಣಿ ಒರಸೂ ಅರಿವಿ ತಿಂದೈತಿ. ಬಕ್ರೀದಿಗೆ ಎಷ್ಟು ದಿನ ಐತಿ?"

"ಒಂದು ತಿಂಗಳು."

"ಕುಂಟ ಕುರಿ, ರೋಗದ ಕುರಿ ಕುರ್ಬಾನಿಗೆ ನಡೀತೈತೇನು ನಿಮ್ಮೊಳಗ?"

ಮುರ್ತುಜಸಾಬನ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಳಿಯಿತು. "ನಡಿಯೂದಿಲ್ಲ."

"ಹಂಗಾರ ಇವೂ ಗುಜರಿ ಮಾಲು."

"ನೀನ ಔಷಧ ಹಾಕು ತಂಗಿ."

"ಹಾಕ್ತೇನಿ. ಒಂದು ಕುರಿಗೆ ಒಂದು ಕ್ಲಚ್ ಪ್ಲೇಟಿನ ರೊಕ್ಕ. ಅಂದ್ರ ಒಂದು ಕುರಿ."

ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ಕೊನೆಗೆ ಮುರ್ತುಜಸಾಬನೂ ನಕ್ಕ. ಬೆಳೆಗೆ ಬೆಲೆ ಕೇಳಿ ನಾವು ಹುನಗುಂದದ ರಸ್ತೆಯಲ್ಲಿ ಕೂತು ಲಾಠಿ ತಿಂದು ಬಂದದ್ದು ಅದೇ ಮಳೆಗಾಲದಲ್ಲಿ. ಒಂದು ಮನವಿ ಪತ್ರವಿಲ್ಲದೆ ಲಗಮವ್ವ ಅರ್ಧ ತಾಸಿನಲ್ಲಿ, ಗುಜರಿಗೆ ಗುಜರಿ ಎಂದು, ಹನ್ನೊಂದನ್ನೂ ಬಿಡಿಸಿಕೊಂಡಳು. ಹಿಂಡು ಮತ್ತೆ ಮೂವತ್ತಾಯಿತು. ಕಾರು ಮುರ್ತುಜಸಾಬನದಾಯಿತು.

ಹುಲ್ಲಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತೇ ಇದ್ದ. ಹೆಣದ ಮುಂದೆ ನಿಂತವನ ಹಾಗೆ. ಲಗಮವ್ವ ಅವನನ್ನು ನೋಡಿದಳು, ಕುರಿ ನೋಡಿದಳು.

"ಅಣ್ಣ, ರಿಪೇರಿ ಮಾಡಿದ ಮ್ಯಾಲ ಇದನ್ನ ಹೊಡೆಯವ ಬೇಕಲ್ಲ? ಇವರನ್ನೂ ಇಟ್ಕೋ. ಕುರಿ ಕಾಯೂದು ಮರತಾರ, ಮನಿಗೆ ತಂದು ಏನು ಮಾಡ್ಲಿ? ತಿಂಗಳಿಗೆ ನೂರೈವತ್ತು. ಪಗಾರ ನನ್ನ ಕೈಯಾಗ."

ಮುರ್ತುಜಸಾಬ ಒಪ್ಪಿದ. ತನ್ನದೇ ಕಾರು, ತನ್ನದೇ ಕೈ, ರಿಪೇರಿ ಅಗ್ಗವಾಗಬಹುದೆಂದುಕೊಂಡಿದ್ದ. ಆಗಲಿಲ್ಲ. ಹುಲ್ಲಪ್ಪ ಮಾತ್ರ ಆರು ವರ್ಷ ಅದನ್ನು ಹೊಡೆದು ಮೈ ತುಂಬಿಕೊಂಡ. ಏರಿನಲ್ಲಿ ಎಂಜಿನ್ ಹಬೆಯುಗುಳಿ ನಿಂತರೆ ಇಳಿದು ಮರದ ನೆರಳಿನಲ್ಲಿ ಬೀಡಿ ಹಚ್ಚುತ್ತಿದ್ದ. ಕೂತವರು ಬೈದರೆ ಒಂದೇ ಉತ್ತರ.

"ಮಾಲಕರಿಗೆ ಹೇಳ್ರಿ. ನಾ ಪಗಾರದವ."