ತೊಟ್ಟಿಯಣ್ಣನ ಕುರ್ಚಿ

ಚರ್ಚಿನ ವೇದಿಕೆಯ ಹಲಗೆಗಳನ್ನು ಎತ್ತಿದರೆ ಕೆಳಗೆ ದೀಕ್ಷಾಸ್ನಾನದ ತೊಟ್ಟಿ. ಆರು ಮೆಟ್ಟಿಲು, ನಾಲ್ಕಡಿ ನೀರು. ತುಂಬಲು ಮೂರು ಗಂಟೆ ನಲವತ್ತು ನಿಮಿಷ ಬೇಕು. ನೀರಿನ ಬಿಸಿ ಮೂವತ್ತೆರಡು ಡಿಗ್ರಿಗೆ ನಿಲ್ಲಬೇಕು. ಇಪ್ಪತ್ತೆರಡು ವರ್ಷದಿಂದ ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಒಬ್ಬ ಪ್ಲಂಬರ್. ತುಂಬಿಸುವವನೂ ಅವನೇ, ಖಾಲಿ ಮಾಡುವವನೂ ಅವನೇ. ಪ್ರತಿ ಸಲವೂ ತಾರೀಕು, ಶಾಖ, ಮುಳುಗಿದವರ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಎಲ್ಲರ ಬಾಯಲ್ಲೂ ಅವನು ತೊಟ್ಟಿಯಣ್ಣ.

ಆದರೆ ಆ ಸಂಖ್ಯೆಯಲ್ಲಿ ಅವನು ಮಾತ್ರ ಸೇರಿರಲಿಲ್ಲ. ಏಳನೇ ವಯಸ್ಸಿನಲ್ಲಿ ಬಾವಿಗೆ ಬಿದ್ದಿದ್ದ. ಅಂದಿನಿಂದ ಮುಖ ತೊಳೆಯುವಾಗಲೂ ಒಂದು ಕಣ್ಣು ತೆರೆದೇ ಇರುತ್ತಿತ್ತು. ಪೂರ್ತಿ ಮುಳುಗದವರು ಸದಸ್ಯರಾಗುವಂತಿಲ್ಲ ಎಂಬ ಹಳೆಯ ನಿಯಮವನ್ನು ಈ ಸಭೆಯವರು ಸಡಿಲಿಸಿ ವರ್ಷಗಳಾಗಿದ್ದವು. "ತಲೆ ಮೇಲೆ ನೀರು ಚಿಮುಕಿಸಿದ್ರೂ ಸಾಕಣ್ಣ" ಎಂದು ಸಭೆ ನಡೆಸುವ ಪಾಸ್ಟರಮ್ಮನೇ ಹೇಳಿದ್ದರು. ಅವನೇ ಒಪ್ಪಲಿಲ್ಲ. "ಎಲ್ರಿಗೂ ನಾಲ್ಕಡಿ, ನನಗೆ ಮಾತ್ರ ನಾಲ್ಕು ಹನೀನಾ?"

ಶನಿವಾರ ಸಭೆಯವರು ಸುತ್ತಲಿನ ಓಣಿಗಳಿಗೆ ಹೋಗುತ್ತಿದ್ದರು. ಬೋಧನೆ ಮಾಡುವಂತಿಲ್ಲ, ಕೈಲಾಗುವ ಕೆಲಸ ಮಾಡಬೇಕು. ಮೇಷ್ಟ್ರು ಅರ್ಜಿ ಬರೆದುಕೊಡುತ್ತಿದ್ದರು, ನರ್ಸ್ ಬಿಪಿ ನೋಡುತ್ತಿದ್ದರು, ತೊಟ್ಟಿಯಣ್ಣ ಸೋರುವ ನಲ್ಲಿಗಳಿಗೆ ವಾಷರ್ ಹಾಕುತ್ತಿದ್ದ. ಹಾಗೆ ಹೋದ ಮನೆಗಳಲ್ಲಿ ಟೈಲರಕ್ಕನದೂ ಒಂದು. ಪೋಲಿಯೊದಿಂದ ಅವಳ ಎರಡೂ ಕಾಲು ಸ್ವಾಧೀನದಲ್ಲಿರಲಿಲ್ಲ, ಕೈಮಷೀನಿನಲ್ಲೇ ಹೊಲಿಯುತ್ತಿದ್ದಳು. ನಲ್ಲಿ ಅವಳಿಗೆ ಎಟುಕುತ್ತಿಲ್ಲವೆಂದು ಕಂಡು, ಕೇಳದಿದ್ದರೂ ಒಂದೂವರೆ ಅಡಿ ಕೆಳಗಿಳಿಸಿಕೊಟ್ಟ. ಮುಂದಿನ ಭಾನುವಾರ ಅವಳ ಗಾಲಿಕುರ್ಚಿ ಚರ್ಚಿನ ಬಾಗಿಲಲ್ಲಿತ್ತು. ಎರಡು ವರ್ಷ ಕಳೆದ ಮೇಲೆ, ತಾನೂ ಮುಳುಗಬೇಕೆಂದಳು.

"ನಾವೇ ಎತ್ಕೊಂಡು ಇಳಿಸ್ತೀವಿ" ಎಂದರು ಪಾಸ್ಟರಮ್ಮ.

"ಮೂಟೆ ಥರಾನಾ? ಬೇಡಮ್ಮ. ಮರ್ಯಾದೆಯಾಗಿ ಕೂತ್ಕೊಂಡು ಇಳೀತೀನಿ."

"ಹಾಗಾದ್ರೆ ಚಿಮುಕಿಸೋಣ?"

"ಹೊಸ ಬಟ್ಟೇನ ಕತ್ತರಿಸೋ ಮುಂಚೆ ಪೂರ್ತಿ ನೆನೆಸ್ಬೇಕಮ್ಮ. ಅರ್ಧ ನೆನೆಸಿದ್ರೆ ಒಂದೇ ಕಡೆ ಎಳ್ಕೊಳ್ಳುತ್ತೆ."

ತೊಟ್ಟಿಯಣ್ಣ ವಾರವಿಡೀ ಕೂತು ಪ್ಲಾಸ್ಟಿಕ್ ಪೈಪಿನಲ್ಲಿ ಒಂದು ಕುರ್ಚಿ ಮಾಡಿದ. ಅದಕ್ಕೆ ಬೆಲ್ಟು, ಹಿಡಿಕೆ, ಮೆಟ್ಟಿಲ ಮೇಲೆ ಜಾರಲು ಎರಡು ಹಳಿ. ಶನಿವಾರ ತೊಟ್ಟಿ ತುಂಬಿಸಿ ಕುರ್ಚಿಯನ್ನು ಪರೀಕ್ಷೆಗೆ ಇಟ್ಟಾಗ ಟೈಲರಕ್ಕ ಸುತ್ತಲೂ ಕಣ್ಣಾಡಿಸಿ, "ಮೊದಲು ನೀನು ಕೂರಣ್ಣ. ಮಾಡಿದವನೇ ಮುಳುಗದ ಕುರ್ಚೀಲಿ ನಾನಂತೂ ಕೂರಲ್ಲ" ಎಂದಳು.

"ಅವರಾ?" ಎಂದಳು ನೆರವಿಗೆ ಬಂದಿದ್ದ ಅವನ ಹೆಂಡತಿ. "ಮಗ್ಗಲ್ಲಿ ಸ್ನಾನ ಮಾಡೋವಾಗ್ಲೂ ಬಾಗಿಲಿಗೆ ಚಿಲಕ ಹಾಕಲ್ಲ!" ಆದರೆ ಅವನು ಕೂರದಿದ್ದರೆ ನಾಳೆ ಟೈಲರಕ್ಕ ಇಳಿಯುವುದಿಲ್ಲ. ಕೈಗಡಿಯಾರ ಬಿಚ್ಚಿಟ್ಟು ಕೂತ.

ಪಾಸ್ಟರಮ್ಮ, ಹೆಂಡತಿ ಸೇರಿ ಇಳಿಸಿದರು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು, ಅಲ್ಲೇ ನಿಂತಿತು. ಇಬ್ಬರೂ ಸೇರಿ ಎಷ್ಟು ಒತ್ತಿದರೂ ಕುರ್ಚಿ ಅವನನ್ನು ಹೊತ್ತುಕೊಂಡು ಬಾತುಕೋಳಿಯ ಹಾಗೆ ತೇಲಿತು. ಪ್ಲಂಬರನ ಕೈ ಅಲ್ಲವೇ? ಪ್ರತಿ ಪೈಪಿನ ತುದಿಗೂ ಮುಚ್ಚಳ ಹಾಕಿ, ಅಂಟು ಬಳಿದು, ಒಂದು ಹನಿಯೂ ಒಳಹೋಗದಂತೆ ಮಾಡಿದ್ದ. ಒಳಗಿದ್ದ ಗಾಳಿ ಮುಳುಗಲು ಬಿಡಲಿಲ್ಲ.

"ಊರಿನ ಪೈಪೆಲ್ಲ ಸೋರದ ಹಾಗೆ ಮಾಡಿದ್ರಲ್ಲ, ಈಗ ಅನುಭವಿಸಿ" ಎಂದಳು ಹೆಂಡತಿ. ಟೈಲರಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ತೇಲುತ್ತಲೇ ಅವನೂ ನಕ್ಕ.

ಅಲ್ಲಿಗೆ ಬಿಟ್ಟಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ಮೇಲೆ ಬಂದು, ಮೈ ಒರೆಸಿಕೊಂಡು, ಕುರ್ಚಿಯನ್ನು ಅಂಗಳಕ್ಕೆ ಒಯ್ದು, ಗಟ್ಟಿಯಾಗಿದ್ದ ಪೈಪಿಗೆ ತಾನೇ ಡ್ರಿಲ್ ಹಿಡಿದು ಇಪ್ಪತ್ತನಾಲ್ಕು ತೂತು ಕೊರೆದ. ಮತ್ತೆ ಕೂತ. ಪೈಪುಗಳು ಗುಳುಗುಳು ಎಂದವು. ನೀರು ಗಲ್ಲಕ್ಕೆ ಬಂತು. ಪಾಸ್ಟರಮ್ಮ ಕುರ್ಚಿಯನ್ನು ಹಿಂದಕ್ಕೆ ವಾಲಿಸಿದರು. ಅವನು ಎರಡೂ ಕಣ್ಣು ಮುಚ್ಚಿದ.

"ಹೇಗಿತ್ತಣ್ಣ?" ಎಂದಳು ಟೈಲರಕ್ಕ.

"ಮೂವತ್ತೆರಡು ಡಿಗ್ರಿ" ಎಂದ, ಉಸಿರು ಸಿಕ್ಕ ಮೇಲೆ. "ಬಾವಿ ತಣ್ಣಗಿತ್ತು."

"ಹಾಗಾದ್ರೆ ನಿನ್ನದೂ ಆಗೇ ಹೋಯ್ತು ಬಿಡು!"

"ಇದು ಕುರ್ಚಿ ಪರೀಕ್ಷೆ ತಾಯಿ. ನನ್ನದಲ್ಲ."

ಭಾನುವಾರ ಟೈಲರಕ್ಕ ಕೂತುಕೊಂಡೇ ಇಳಿದಳು, ನೆತ್ತಿಯವರೆಗೂ ನೆನೆದಳು. ಸಭೆ ಎದ್ದು ಹಾಡಿತು. ಅವಳನ್ನು ಮೇಲೆ ಕಳಿಸಿ ಪಾಸ್ಟರಮ್ಮ ತೊಟ್ಟಿಯಿಂದ ಹೊರಡುವಷ್ಟರಲ್ಲಿ, ಅಂಚಿನ ಮೇಲೆ ತೆರೆದಿಟ್ಟಿದ್ದ ಪುಸ್ತಕ ಕಣ್ಣಿಗೆ ಬಿತ್ತು. ಬೆಳಿಗ್ಗೆಯೇ ಬರೆದಿತ್ತು: ಶಾಖ ೩೨, ಜನ ೨.

"ಇವತ್ತು ಒಬ್ರೇ ಅಲ್ವಾ?" ಎಂದು ತಿರುಗಿದರೆ, ತೊಟ್ಟಿಯಣ್ಣ ಮೇಲಿನ ಮೆಟ್ಟಿಲ ಬಳಿ ನಿಂತು ಕೈಗಡಿಯಾರ ಬಿಚ್ಚುತ್ತಿದ್ದ.

"ಕುರ್ಚಿ ಬೇಡ, ನಡ್ಕೊಂಡೇ ಬರ್ತೀನಿ" ಎಂದ. "ಕೈ ಮಾತ್ರ ಗಟ್ಟಿಯಾಗಿ ಹಿಡ್ಕೊಳ್ಳಿ."